ನೀರಿಗಿಳಿದ ಗಾಡಿಗೆ ಕಿಲೋಮೀಟರ್ ಲೆಕ್ಕ ಸಾಲದು

ಪ್ರಶ್ನೆ: ನನ್ನದು ಡೀಸೆಲ್ ಎಂಜಿನ್, ಮ್ಯಾನುಯಲ್ ಗೇರ್, ಪಾರ್ಟ್‌ಟೈಮ್ ಫೋರ್ ವೀಲ್ ಡ್ರೈವ್ ಇರುವ ಗಾಡಿ. ಓಡಿರುವುದು 18,000 ಕಿ.ಮೀ. ಮಾತ್ರ, ಆದರೆ ಅದರಲ್ಲಿ ಅರ್ಧದಷ್ಟು ಕೆಸರು, ಕಲ್ಲುದಾರಿ, ಹಳ್ಳಗಳಲ್ಲೇ ಕಳೆದಿದೆ. ಆಕ್ಸಲ್ ಮತ್ತು ಟ್ರಾನ್ಸ್‌ಫರ್ ಕೇಸ್ (ಎಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಆಕ್ಸಲಿಗೆ ಹಂಚುವ ಪೆಟ್ಟಿಗೆ) ಆಯಿಲನ್ನು 40,000 ಕಿ.ಮೀ.ಗೆ ಬದಲಿಸಿದರೆ ಸಾಕೆಂದು ಕೈಪಿಡಿಯಲ್ಲಿದೆ. ಕಳೆದ ತಿಂಗಳು ಬಾಗಿಲಿನ ಕೆಳಅಂಚು ಮುಟ್ಟುವಷ್ಟು ನೀರಿನಲ್ಲಿ ಎರಡು ಮೂರು ಸಲ ದಾಟಿದ್ದೇನೆ. ಆಯಿಲ್ ಈಗಲೇ ಬದಲಿಸಬೇಕೇ? ಮನೆಯಲ್ಲೇ ಮಾಡಿಕೊಳ್ಳಬಹುದೇ? ಬೇರೆ ಏನೇನು ನೋಡಬೇಕು?

ಉತ್ತರ: ಬದಲಿಸುವ ಮಾತು ಆಮೇಲೆ, ಮೊದಲು ಬಿಚ್ಚಿ ನೋಡಿ. ಅದನ್ನು ಈ ವಾರವೇ ಮಾಡಿ. ಆ 40,000 ಕಿ.ಮೀ. ಲೆಕ್ಕ ಟಾರು ರಸ್ತೆಯಲ್ಲಿ ಓಡುವ ಗಾಡಿಯದು. ಅದೇ ಕೈಪಿಡಿಯ ಕೊನೆಯ ಪುಟಗಳಲ್ಲಿ 'ಕಠಿಣ ಬಳಕೆ' ಎಂಬ ಇನ್ನೊಂದು ಪಟ್ಟಿ ಸಾಮಾನ್ಯವಾಗಿ ಇರುತ್ತದೆ, ಧೂಳು, ಕೆಸರು, ನೀರು, ಭಾರ ಎಳೆಯುವುದು ಎಲ್ಲವೂ ಅದರಲ್ಲಿ ಬರುತ್ತವೆ. ನಿಮಗೆ ಅನ್ವಯಿಸುವುದು ಆ ಪಟ್ಟಿ. ಲೋ ರೇಂಜಿನಲ್ಲಿ, ಅಂದರೆ ತೆವಳುವ ಗೇರಿನಲ್ಲಿ, ಐದು ಗಂಟೆ ಏಗಿದರೂ ಮೀಟರಿನಲ್ಲಿ ಏರುವುದು 20 ಕಿ.ಮೀ. ಇರಬಹುದು. ಆ ಐದು ಗಂಟೆಯೂ ಎಂಜಿನ್ ತಿರುಗಿದೆ, ಗೇರುಗಳು ಭಾರ ಹೊತ್ತಿವೆ, ಫಿಲ್ಟರ್ ಧೂಳು ಕುಡಿದಿದೆ. ಗಂಟೆಗೆ ಸರಾಸರಿ 40 ಕಿ.ಮೀ. ಎಂದು ಹಿಡಿದರೆ 10,000 ಕಿ.ಮೀ. ಅಂದರೆ 250 ಗಂಟೆ. ಎಂಜಿನ್ ಆಯಿಲಿಗೆ ಈ ಗಂಟೆಯ ಲೆಕ್ಕ ಇಟ್ಟುಕೊಳ್ಳಿ. ಆಕ್ಸಲಿಗೆ ಅದೂ ಬೇಡ, ನೀರು ಒಳಹೊಕ್ಕಿತೇ ಇಲ್ಲವೇ ಎಂಬುದೊಂದೇ ಪ್ರಶ್ನೆ.

ನೀರು ಹೇಗೆ ಒಳಹೋಗುತ್ತದೆ ಎಂಬುದು ಅರ್ಥವಾದರೆ ಮುಂದಿನದೆಲ್ಲ ಸುಲಭ. ಓಡಿ ಬಿಸಿಯಾದ ಆಕ್ಸಲಿನೊಳಗೆ ಆಯಿಲಿನ ಮೇಲೆ ಗಾಳಿ ಇರುತ್ತದೆ. 75 ಡಿಗ್ರಿ ಸೆಲ್ಸಿಯಸ್ ಇದ್ದ ಆ ಗಾಳಿ, ತಣ್ಣೀರಿಗೆ ಇಳಿದೊಡನೆ 25 ಡಿಗ್ರಿಗೆ ಇಳಿಯಿತು ಎನ್ನಿ. ಗಾಳಿ ಸುಮಾರು ಏಳನೇ ಒಂದು ಪಾಲು ಕುಗ್ಗುತ್ತದೆ. ಆ ಖಾಲಿ ಜಾಗ ತುಂಬಲು ಹೊರಗಿನಿಂದ ಏನಾದರೂ ಬರಲೇಬೇಕು. ಆಕ್ಸಲಿನ ಮೇಲಿರುವ ಬ್ರೀದರ್ (ಗಾಳಿ ಆಡುವ ಕಿಂಡಿ) ತೆರೆದಿದ್ದು ನೀರಿನಿಂದ ಮೇಲಿದ್ದರೆ ಗಾಳಿ ಬರುತ್ತದೆ. ಬ್ರೀದರ್ ಕೆಸರಿನಿಂದ ಕಟ್ಟಿದ್ದರೆ ಅಥವಾ ನೀರಿನಲ್ಲಿ ಮುಳುಗಿದ್ದರೆ ನೀರೇ ಬರುತ್ತದೆ. ಆಯಿಲ್ ಸೀಲಿನ ಮುಖ್ಯ ತುಟಿ ಇರುವುದು ಒಳಗಿನ ಆಯಿಲನ್ನು ತಡೆಯಲಿಕ್ಕೆ, ಹೊರಗಿನಿಂದ ಒಳಕ್ಕೆ ಎಳೆತ ಬಿದ್ದರೆ ಅದು ಅಷ್ಟಾಗಿ ತಡೆಯುವುದಿಲ್ಲ. ಕಟ್ಟಿದ ಬ್ರೀದರ್ ಇನ್ನೊಂದು ದಿಕ್ಕಿನಲ್ಲೂ ಕಾಟ ಕೊಡುತ್ತದೆ: ಬಿಸಿಯಾದಾಗ ಒಳಗಿನ ಒತ್ತಡಕ್ಕೆ ಆಯಿಲ್ ಸೀಲ್ ದಾಟಿ ಹಿಂದಿನ ಬ್ರೇಕ್ ಡ್ರಮ್ಮಿನೊಳಗೆ ಬೀಳುತ್ತದೆ. ಸೀಲ್ ಬದಲಿಸಿ ಮೂರೇ ತಿಂಗಳಲ್ಲಿ ಮತ್ತೆ ಸೋರಿತೆಂದು ಗೋಳಾಡುವವರಲ್ಲಿ ಹೆಚ್ಚಿನವರು ಬ್ರೀದರನ್ನು ನೋಡಿಯೇ ಇರುವುದಿಲ್ಲ.

ಪರೀಕ್ಷೆ ಹೀಗೆ. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ರಾತ್ರಿಯಿಡೀ ನಿಲ್ಲಿಸಿ. ನೀರು ಆಯಿಲಿಗಿಂತ ಭಾರ, ತಳಕ್ಕೆ ಇಳಿದಿರುತ್ತದೆ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮುನ್ನ, ಆಕ್ಸಲಿನ ನಡುವೆ ಉಬ್ಬಿದ ಗೇರ್ ಪೆಟ್ಟಿಗೆಯಾದ ಡಿಫರೆನ್ಷಿಯಲ್ಲಿನ ಡ್ರೇನ್ ಪ್ಲಗ್ ಪೂರ್ತಿ ತೆಗೆಯದೆ, ಎರಡು ಮೂರು ಸುತ್ತು ಮಾತ್ರ ಸಡಿಲಿಸಿ, ಮೊದಲ ಹನಿಗಳನ್ನು ಬಿಳಿ ತಟ್ಟೆಯಲ್ಲಿ ಹಿಡಿಯಿರಿ. ಹೊಂಬಣ್ಣದ ಅಥವಾ ಕಂದು ಆಯಿಲ್ ಬಂದರೆ ಸದ್ಯಕ್ಕೆ ನೆಮ್ಮದಿ. ಮೊದಲು ನೀರಿನ ಹನಿ ಬಂದು ಆಮೇಲೆ ಆಯಿಲ್ ಬಂದರೆ ನೀರು ಹೊಕ್ಕಿದೆ. ಹಾಲು ಬೆರೆಸಿದ ಕಾಫಿಯ ಬಣ್ಣದ್ದು ಬಂದರೆ, ನೀರು ಹೊಕ್ಕು ಅದರ ಮೇಲೆ ಗಾಡಿಯೂ ಓಡಿದೆ. ಹಾಗೆ ಕಡೆದುಹೋದ ಮಿಶ್ರಣ ಒಂದು ರಾತ್ರಿಯಲ್ಲಿ ಬೇರೆಯಾಗುವುದಿಲ್ಲ. ನೀವು ದಾಟಿ ತಿಂಗಳಾಗಿರುವುದರಿಂದ ನಿಮಗೆ ಕಾಣಬಹುದಾದದ್ದು ಹೆಚ್ಚಾಗಿ ಈ ಮೂರನೆಯದು. ಆ ಸ್ಥಿತಿಯಲ್ಲಿ ಬಿಟ್ಟರೆ ಬೇರಿಂಗಿನ ರೋಲರುಗಳಿಗೆ ತುಕ್ಕಿನ ಚುಕ್ಕೆ ಏಳುತ್ತದೆ, ಅದರೊಳಗಿನ ಕ್ರೌನ್ ಮತ್ತು ಪಿನಿಯನ್ ಗೇರುಗಳ ಹಲ್ಲುಗಳ ನಡುವೆ ಆಯಿಲಿನ ಪದರ ನಿಲ್ಲುವುದಿಲ್ಲ. ಗುಂಯ್ ಎನ್ನುವ ಸದ್ದು ಕೇಳಿಸುವ ಹೊತ್ತಿಗೆ ಬರೇ ಆಯಿಲ್ ಬದಲಿಸಿ ಪಾರಾಗುವ ಕಾಲ ಮೀರಿರುತ್ತದೆ.

ಈ ಕೆಲಸ ಮನೆಯಲ್ಲೇ ಆಗುತ್ತದೆ. ಇಂಥ ಗಾಡಿಗಳಿಗೆ ನೆಲದಿಂದ ಎತ್ತರ ಚೆನ್ನಾಗಿರುವುದರಿಂದ ಜಾಕ್ ಏರಿಸದೆಯೇ ಕೆಳಗೆ ತೂರಬಹುದು, ಹಾಗೆ ಮಾಡುವುದೇ ಒಳ್ಳೆಯದು. ಗಾಡಿ ಸಮವಾಗಿ ನಿಂತಿದ್ದರೆ ತುಂಬುವಾಗ ಮಟ್ಟ ಸರಿಯಾಗಿ ಸಿಗುತ್ತದೆ. ಎತ್ತಲೇಬೇಕಾದರೆ ನಾಲ್ಕೂ ಕಡೆ ಸ್ಟ್ಯಾಂಡ್ ಕೊಟ್ಟು ಸಮ ಮಾಡಿ, ಬರೀ ಜಾಕಿನ ನಂಬಿಕೆಯ ಮೇಲೆ ತಲೆ ಒಳಗಿಡಬೇಡಿ. ಇನ್ನೊಂದು ವಿಷಯ ಫೋರ್ ವೀಲ್ ಡ್ರೈವ್ ಗಾಡಿಗೇ ವಿಶೇಷ: ಟ್ರಾನ್ಸ್‌ಫರ್ ಲಿವರ್ ನ್ಯೂಟ್ರಲ್‌ನಲ್ಲಿದ್ದರೆ ಗೇರು ಹಾಕಿದ್ದರೂ ಚಕ್ರಕ್ಕೆ ತಡೆ ಇರುವುದಿಲ್ಲ, ಗಾಡಿ ಉರುಳುತ್ತದೆ. ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರದ ಬದಲು ಪ್ರೊಪೆಲ್ಲರ್ ಶಾಫ್ಟನ್ನು (ಆಕ್ಸಲಿಗೆ ಬಲ ಒಯ್ಯುವ ಉದ್ದ ದಂಡ) ಹಿಡಿಯುವ ಮಾದರಿಯಾಗಿದ್ದರೆ, ಒಂದು ಹಿಂಚಕ್ರ ಎತ್ತಿದೊಡನೆ ಅದೂ ಕೈಕೊಡುತ್ತದೆ, ಡಿಫರೆನ್ಷಿಯಲ್ ಆ ಎತ್ತಿದ ಚಕ್ರವನ್ನು ತಿರುಗಿಸಿಬಿಡುತ್ತದೆ. ಹಾಗಾಗಿ ಚಕ್ರಗಳಿಗೆ ಕಲ್ಲು ಅಥವಾ ಮರದ ಅಡ್ಡಗಟ್ಟೆ ಕಡ್ಡಾಯ.

ಪರೀಕ್ಷೆ ತಣ್ಣಗಿದ್ದಾಗ, ಬದಲಾವಣೆ ಬೆಚ್ಚಗಿದ್ದಾಗ. ಪ್ಲಗ್ ಬಿಗಿದು 15–20 ನಿಮಿಷ ಓಡಿಸಿ ಬಂದರೆ ಆಯಿಲ್ ತೆಳುವಾಗಿ, ತಳದ ಕೊಳೆಯನ್ನೂ ಕಲಕಿಕೊಂಡು ಇಳಿಯುತ್ತದೆ. ನೀರೇ ಬಂದಿದ್ದರೆ ಮಾತ್ರ ಮತ್ತೆ ಓಡಿಸಬೇಡಿ, ಹಾಗೇ ಇಳಿಸಿ. ಪ್ಲಗ್ಗಿನ ಸುತ್ತಲ ಕೆಸರನ್ನು ತಂತಿ ಬ್ರಷ್‌ನಿಂದ ತೆಗೆದು ಒರೆಸಿ, ಇಲ್ಲದಿದ್ದರೆ ಅದೇ ಮರಳು ಒಳಗೆ ಬೀಳುತ್ತದೆ. ಆಮೇಲೆ, ದಯವಿಟ್ಟು, ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿ. ಕೆಳಗಿನದನ್ನು ಬಿಚ್ಚಿ ಆಯಿಲೆಲ್ಲ ಇಳಿಸಿದ ಮೇಲೆ ಮೇಲಿನದು ತುಕ್ಕು ಹಿಡಿದು ಅಲುಗದಿದ್ದರೆ, ಖಾಲಿ ಆಕ್ಸಲಿನ ಗಾಡಿ ಅಂಗಳದಲ್ಲೇ ಕೂರುತ್ತದೆ. ಅಲುಗದ ಪ್ಲಗ್ಗಿಗೆ ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಸ್ಪ್ರೇ ಹೊಡೆದಿಡಿ. ಸರಿಯಾದ ಅಳತೆಯ ಆರು ಮೂಲೆಯ ಸಾಕೆಟ್ ಅಥವಾ ಅಲೆನ್ ಕೀ ಬಳಸಿ, ಅಡ್ಜಸ್ಟಬಲ್ ಸ್ಪ್ಯಾನರ್ ಹಾಕಿದರೆ ಮೂಲೆ ದುಂಡಗಾಗುತ್ತದೆ.

ಇಳಿದ ಆಯಿಲನ್ನು ಗೆರೆ ಹಾಕಿದ ಜಗ್ಗಿನಲ್ಲಿ ಅಳೆಯಿರಿ. ಕೈಪಿಡಿಯಲ್ಲಿ 2 ಲೀಟರ್ ಎಂದಿದ್ದು 1.4 ಲೀಟರ್ ಮಾತ್ರ ಬಂದರೆ ಎಲ್ಲೋ ಸೋರುತ್ತಿದೆ, 2.3 ಬಂದರೆ ನೀರು ಸೇರಿದೆ. ಗೇರ್‌ಬಾಕ್ಸಿನಲ್ಲಿ ಕಡಿಮೆ ಬಂದು ಅದಕ್ಕೆ ಅಂಟಿಕೊಂಡ ಟ್ರಾನ್ಸ್‌ಫರ್ ಕೇಸಿನಲ್ಲಿ ಹೆಚ್ಚು ಬಂದರೆ ಅವೆರಡರ ನಡುವಿನ ಸೀಲ್ ಹೋಗಿದೆ. ಹೊರಗೆ ಒಂದು ಹನಿಯೂ ಕಾಣದ ಈ ಸೋರಿಕೆಯನ್ನು ಅಳತೆ ಬಿಟ್ಟರೆ ಬೇರೇನೂ ತೋರಿಸಿಕೊಡುವುದಿಲ್ಲ.

ಡ್ರೇನ್ ಪ್ಲಗ್ಗಿನ ತುದಿಯ ಅಯಸ್ಕಾಂತವನ್ನು ಬೆರಳಿನಲ್ಲಿ ಉಜ್ಜಿ. ಬೂದು ಬಣ್ಣದ ನುಣುಪು ಲೇಪ ಸಹಜ, ಹೊಸ ಗಾಡಿಯಲ್ಲಿ ತುಸು ಹೆಚ್ಚೇ ಇರುತ್ತದೆ. ಬೆರಳಿಗೆ ಚುಚ್ಚುವ ಚೂರು, ಹೊಳೆಯುವ ಚಕ್ಕೆ, ಹಲ್ಲಿನ ತುಂಡು ಸಿಕ್ಕರೆ ಹೊಸ ಆಯಿಲ್ ಹಾಕಿ ಮುಚ್ಚಬೇಡಿ, ಡಿಫರೆನ್ಷಿಯಲ್ ಬಿಚ್ಚಿಸಿ ನೋಡಿಸಿ. ಗೇರ್‌ಬಾಕ್ಸಿನಲ್ಲಿ ಹಳದಿ ಪುಡಿ ಕಂಡರೆ ಅದು ಗೇರು ಸಲೀಸಾಗಿ ಬೀಳುವಂತೆ ಮಾಡುವ ಸಿಂಕ್ರೊ ಉಂಗುರಗಳ ಹಿತ್ತಾಳೆ. ಹಿತ್ತಾಳೆ ಅಯಸ್ಕಾಂತಕ್ಕೆ ಅಂಟದು, ಆಯಿಲನ್ನು ಬಿಸಿಲಿಗೆ ಹಿಡಿದು ನೋಡಬೇಕು.

ಯಾವ ಆಯಿಲ್ ಎಂಬಲ್ಲಿ ತಪ್ಪುವವರು ಬಹಳ. ಹೈಪಾಯ್ಡ್ ಹಲ್ಲಿನ ಡಿಫರೆನ್ಷಿಯಲ್ಲಿಗೆ ಜಿಎಲ್-5 ದರ್ಜೆಯ ಗೇರ್ ಆಯಿಲ್ ಬೇಕು, ಅಲ್ಲಿ ಹಲ್ಲುಗಳು ಒಂದರ ಮೇಲೊಂದು ಜಾರುತ್ತಾ ಉಜ್ಜುವುದರಿಂದ ಗಂಧಕ-ರಂಜಕದ ಹೆಚ್ಚಿನ ಸೇರ್ಪಡೆ ಇಲ್ಲದೆ ಲೋಹ ಲೋಹಕ್ಕೆ ತಾಗುತ್ತದೆ. ಹಿತ್ತಾಳೆಯ ಸಿಂಕ್ರೊ ಇರುವ ಅನೇಕ ಮ್ಯಾನುಯಲ್ ಗೇರ್‌ಬಾಕ್ಸ್‌ಗಳಿಗೆ ಜಿಎಲ್-4 ಹೇಳಿರುತ್ತಾರೆ, ಅದರಲ್ಲಿ ಆ ಸೇರ್ಪಡೆ ಕಡಿಮೆ. '5 ಅಂದರೆ 4ಕ್ಕಿಂತ ಮೇಲು' ಎಂದು ಗೇರ್‌ಬಾಕ್ಸಿಗೂ ಜಿಎಲ್-5 ಸುರಿದರೆ ಹಿತ್ತಾಳೆ ಸವೆಯುವ ಅಪಾಯವಿದೆ, ಜೊತೆಗೆ ಗೇರು ಬೀಳುವುದೂ ಗಡುಸಾಗಬಹುದು. ಟ್ರಾನ್ಸ್‌ಫರ್ ಕೇಸ್ ಇನ್ನೂ ಮೋಸದ್ದು: ಕೆಲವು ಗಾಡಿಗಳಲ್ಲಿ 75ಡಬ್ಲ್ಯು-90 ಗೇರ್ ಆಯಿಲ್, ಇನ್ನು ಕೆಲವದರಲ್ಲಿ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ತೆಳು ಕೆಂಪು ಆಯಿಲ್. ಚೈನ್ ಮತ್ತು ಸಣ್ಣ ಪಂಪ್ ಇರುವ ಮಾದರಿಗೆ ದಪ್ಪ ಆಯಿಲ್ ಹಾಕಿದರೆ ಚಳಿಯಲ್ಲಿ ಪಂಪ್ ಅದನ್ನು ಎತ್ತಲಾರದು. ಹಿಂದಿನ ಆಕ್ಸಲಿನಲ್ಲಿ ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಜಾರಿ ಸುತ್ತುವುದನ್ನು ತಡೆಯುವ ಏರ್ಪಾಡು) ಇದ್ದರೆ, ಅದರಲ್ಲೂ ಕ್ಲಚ್ ಪ್ಲೇಟಿನದಾದರೆ, ಅದಕ್ಕೆಂದೇ ಇರುವ ಆಯಿಲ್ ಅಥವಾ ಘರ್ಷಣೆ ತಿದ್ದುವ ಸೇರ್ಪಡೆ ಬೇಕು. ಇಲ್ಲದಿದ್ದರೆ ಬಿಗಿ ತಿರುವಿನಲ್ಲಿ ಗಡಗಡ ನಡುಗುತ್ತದೆ.

ತುಂಬುವುದಕ್ಕೆ ಬಾಟಲಿಗೆ ಸಿಕ್ಕಿಸುವ ಕೈಪಂಪ್ ಸಾಕು. ಫಿಲ್ಲರ್ ರಂಧ್ರದ ಕೆಳಅಂಚಿನಿಂದ ಆಯಿಲ್ ಒಸರಿ ಹೊರಬರುವವರೆಗೆ ತುಂಬಿ, ಐದು ನಿಮಿಷ ಬಿಟ್ಟು ಮತ್ತೆ ನೋಡಿ. ದಪ್ಪ ಆಯಿಲ್ ಆಕ್ಸಲ್ ಕೊಳವೆಯೊಳಗೆ ಹರಿಯಲು ಹೊತ್ತು ಬೇಕು, ಅವಸರಪಟ್ಟರೆ ಕಾಲು ಲೀಟರ್ ಕಡಿಮೆ ಬೀಳುತ್ತದೆ. ಸಾಮಾನ್ಯ ಗಾತ್ರದ ಗಾಡಿಗಳಲ್ಲಿ ಒಂದೊಂದು ಡಿಫರೆನ್ಷಿಯಲ್ಲಿಗೆ 1.2ರಿಂದ 3 ಲೀಟರ್, ಟ್ರಾನ್ಸ್‌ಫರ್ ಕೇಸಿಗೆ 1ರಿಂದ 2.5 ಲೀಟರ್ ಹಿಡಿಯುತ್ತದೆ. ಕೊಳ್ಳುವ ಮುಂಚೆ ನಿಮ್ಮ ಕೈಪಿಡಿಯ ಅಂಕಿ ನೋಡಿ, ಅರ್ಧ ಲೀಟರ್ ಹೆಚ್ಚಿಗೆ ಇಟ್ಟುಕೊಳ್ಳಿ. ತಾಮ್ರ ಅಥವಾ ಅಲ್ಯೂಮಿನಿಯಂ ವಾಷರ್ ಇದ್ದರೆ ಹೊಸದು ಹಾಕಿ. ಮೊನಚು ಥ್ರೆಡ್ಡಿನ ಪ್ಲಗ್ಗಿಗೆ ವಾಷರ್ ಇರುವುದಿಲ್ಲ, ಥ್ರೆಡ್ ಸೀಲಂಟ್ ಸವರಬೇಕು. ಬಿಗಿಯನ್ನು ಟಾರ್ಕ್ ರೆಂಚಿನಲ್ಲಿ ಕೈಪಿಡಿಯ ಅಂಕಿಗೆ ಕೊಡಿ. ಅಲ್ಯೂಮಿನಿಯಂ ಪೆಟ್ಟಿಗೆಗೆ ಕಾಲಿನಿಂದ ಒದ್ದು ಬಿಗಿದರೆ ಥ್ರೆಡ್ಡೇ ಕಿತ್ತು ಬರುತ್ತದೆ.

ಹಾಲಿನಂತಾದ ಆಯಿಲ್ ಸಿಕ್ಕಿದ್ದರೆ ಒಂದು ಸಲ ಬದಲಿಸಿದ್ದು ಸಾಲದು. ಗೋಡೆಗೆ, ಬೇರಿಂಗಿಗೆ, ಕೊಳವೆಗೆ ಅಂಟಿದ್ದು ಉಳಿದೇ ಇರುತ್ತದೆ. ಅದೇ ದರ್ಜೆಯ ಸಾದಾ ಮಿನರಲ್ ಆಯಿಲ್ ತುಂಬಿ 50–100 ಕಿ.ಮೀ. ನಿಧಾನವಾಗಿ ಓಡಿಸಿ, ಇಳಿಸಿ, ಆಮೇಲೆ ಒಳ್ಳೆಯ ಆಯಿಲ್ ತುಂಬಿ. ಡೀಸೆಲ್ ಹಾಕಿ ತೊಳೆಯುವ ಚಾಳಿ ಬೇಡ, ಅದು ಪೂರ್ತಿ ಇಳಿಯದೆ ಹೊಸ ಆಯಿಲನ್ನು ತೆಳುವಾಗಿಸುತ್ತದೆ.

ಇಷ್ಟು ಮಾಡಿ ಬ್ರೀದರನ್ನು ಹಾಗೇ ಬಿಟ್ಟರೆ ಮುಂದಿನ ಹಳ್ಳದಲ್ಲಿ ಮತ್ತದೇ ಕಥೆ. ಕಾರ್ಖಾನೆಯಿಂದ ಬರುವ ಪುಟ್ಟ ಟೊಪ್ಪಿಯಂಥ ಬ್ರೀದರ್ ಬಿಚ್ಚಿ, ಅಲ್ಲಿ ಕೊಳವೆ ಸಿಕ್ಕಿಸುವ ಫಿಟ್ಟಿಂಗ್ ಹಾಕಿ, ಆಯಿಲ್ ತಡೆಯುವ 6 ಅಥವಾ 8 ಮಿಲಿಮೀಟರಿನ ರಬ್ಬರ್ ಕೊಳವೆಯನ್ನು ಎಂಜಿನ್ ಕೋಣೆಯ ಹಿಂಗೋಡೆಯ ಮೇಲ್ಭಾಗಕ್ಕೆ ಒಯ್ಯಿರಿ. ಕೊಳವೆ ಉದ್ದಕ್ಕೂ ಏರುತ್ತಲೇ ಹೋಗಬೇಕು. ನಡುವೆ ಜೋತುಬಿದ್ದರೆ ಆ ತಗ್ಗಿನಲ್ಲಿ ಆಯಿಲ್ ನಿಂತು ದಾರಿ ಕಟ್ಟುತ್ತದೆ. ಆಕ್ಸಲ್ ಪೂರ್ತಿ ಕೆಳಗಿಳಿದಾಗಲೂ ಎಳೆದುಕೊಳ್ಳದಷ್ಟು ಸಡಿಲ ಇರಲಿ, ಸೈಲೆನ್ಸರ್ ಪೈಪಿನಿಂದ ದೂರ ಇರಲಿ. ಮೇಲ್ತುದಿಗೆ ಒಂದು ಸಣ್ಣ ಪೆಟ್ರೋಲ್ ಫಿಲ್ಟರ್ ಸಿಕ್ಕಿಸಿದರೆ ಧೂಳು ಹೋಗುವುದಿಲ್ಲ. ಗೇರ್‌ಬಾಕ್ಸಿಗೂ ಟ್ರಾನ್ಸ್‌ಫರ್ ಕೇಸಿಗೂ ಇಂಥದೇ ಬ್ರೀದರ್ ಇದೆ, ಮರೆಯಬೇಡಿ. ನೀರಿಗಿಳಿಯುವ ಮುನ್ನ ಹತ್ತು ನಿಮಿಷ ನಿಲ್ಲಿಸಿ ಆಕ್ಸಲನ್ನು ಆರಲು ಬಿಡುವುದು ಖರ್ಚಿಲ್ಲದ ಉಪಾಯ.

ಮುಂದಿನ ಆಕ್ಸಲ್ ಘನ ಮಾದರಿಯದಾಗಿದ್ದು ಚಕ್ರದ ಬಳಿ ದುಂಡನೆಯ ಮುಚ್ಚಿದ ಗುಂಡು ಇದ್ದರೆ ಅದರೊಳಗೆ ಸಿ.ವಿ. ಜಾಯಿಂಟ್ (ಚಕ್ರ ಹೊರಳಿದಾಗಲೂ ಬಲ ಸಾಗಿಸುವ ಕೀಲು) ಗ್ರೀಸಿನಲ್ಲಿ ಮುಳುಗಿರುತ್ತದೆ. ಗುಂಡಿನ ಹೊರಮೈಯಲ್ಲಿ ತೆಳು ಗ್ರೀಸ್ ಪದರ ಇರಬೇಕು, ಎಣ್ಣೆ ಜಿನುಗಿ ನೀರಾದ ಗ್ರೀಸ್ ಸುರಿಯಬಾರದು. ಸುರಿದರೆ ಒಳಗಿನ ಆಕ್ಸಲ್ ಸೀಲ್ ಹೋಗಿ ಗೇರ್ ಆಯಿಲ್ ಗ್ರೀಸಿಗೆ ಬೆರೆತಿದೆ ಎಂದೇ ಅರ್ಥ. ಸ್ವತಂತ್ರ ಸಸ್ಪೆನ್ಶನ್ ಇದ್ದರೆ ಆ ಜಾಯಿಂಟಿನ ಮೇಲಿನ ರಬ್ಬರ್ ಬೂಟುಗಳ ಮಡಿಕೆ ಬಿಡಿಸಿ ಸೀಳು ಹುಡುಕಿ. ಹರಿದ ಬೂಟು ಆ ದಿನವೇ ಕಂಡರೆ ಬೂಟಿನಲ್ಲೇ ಮುಗಿಯುತ್ತದೆ, ಮರಳು ಹೊಕ್ಕ ಮೇಲೆ ಜಾಯಿಂಟೇ ಬೇಕು.

ಚಕ್ರದ ಬೇರಿಂಗಿಗೆ, ಚಕ್ರ ಎತ್ತಿ ಮೇಲೆ-ಕೆಳಗೆ ಹಿಡಿದು ಅಲುಗಿಸಿ. ಅಲುಗಿದರೆ ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ ಮತ್ತೆ ಅಲುಗಿಸಿ. ಅಲುಗಾಟ ನಿಂತರೆ ತೊಂದರೆ ಬೇರಿಂಗಿನದು, ನಿಲ್ಲದಿದ್ದರೆ ಚಕ್ರ ಹೊರಳುವ ಕೀಲುಗಳಾದ ಬಾಲ್ ಜಾಯಿಂಟ್ ಅಥವಾ ಕಿಂಗ್‌ಪಿನ್ನಿನದು. ಗ್ರೀಸ್ ತುಂಬುವ ಬೇರಿಂಗಾದರೆ ಆಳದ ನೀರು ದಾಟಿದ ಮೇಲೆ ಬಿಚ್ಚಿ, ತೊಳೆದು, ಲಿಥಿಯಂ ಕಾಂಪ್ಲೆಕ್ಸ್ 2ನೇ ದರ್ಜೆಯ ಗ್ರೀಸನ್ನು ರೋಲರುಗಳ ಸಂದಿಗೆ ಒತ್ತಿ ತುಂಬಬೇಕು. ಮೊಹರಾದ ಹಬ್ ಆದರೆ ಮಾಡುವುದೇನಿಲ್ಲ, ಸದ್ದು ಬಂದರೆ ಇಡಿಯಾಗಿ ಬದಲು.

ಪ್ರೊಪೆಲ್ಲರ್ ಶಾಫ್ಟಿನ ಯು.ಜೆ. (ಯೂನಿವರ್ಸಲ್ ಜಾಯಿಂಟ್) ಕ್ರಾಸುಗಳಿಗೆ ನಿಪ್ಪಲ್ ಇದ್ದರೆ ಪ್ರತಿ ಸಲ ನೀರು ದಾಟಿ ಬಂದ ಮೇಲೂ ಗ್ರೀಸ್ ಗನ್ ಹಿಡಿಯಿರಿ. ನಾಲ್ಕೂ ಕಪ್ಪುಗಳ ಅಂಚಿನಿಂದ ಹಳೆಯದು ಹೋಗಿ ಹೊಸ ಗ್ರೀಸ್ ಇಣುಕುವವರೆಗೆ ಒತ್ತಿ. ಮೂರರಿಂದ ಬಂದು ಒಂದರಿಂದ ಬಾರದಿದ್ದರೆ ಒಣಗುವುದು ಆ ಒಂದೇ. ನಿಧಾನ ವೇಗದಲ್ಲಿ ಹಕ್ಕಿಯಂತೆ ಚೀಂಯ್‌ಗುಟ್ಟುವುದು, ಕ್ಲಚ್ ಬಿಟ್ಟಾಗ ಟಣ್ ಎನ್ನುವುದು, ಕಪ್ಪಿನ ಸುತ್ತ ಕೆಂಪು ತುಕ್ಕಿನ ಪುಡಿ, ಇವು ಮೂರೂ ಗ್ರೀಸ್ ಇಲ್ಲದ ಗುರುತು. ಶಾಫ್ಟ್ ಹಿಗ್ಗಿ ಕುಗ್ಗುವಲ್ಲಿ ಜಾರುವ ಸ್ಪ್ಲೈನಿನ ನಿಪ್ಪಲ್ಲಿಗೆ ಮಾತ್ರ ಕೈ ಬಿಗಿಹಿಡಿಯಿರಿ. ಅಲ್ಲಿ ತುಂಬಿ ತುಳುಕಿಸಿದರೆ ಸಸ್ಪೆನ್ಶನ್ ಕುಗ್ಗುವಾಗ ಗ್ರೀಸಿಗೆ ಹೋಗಲು ಜಾಗವಿಲ್ಲದೆ ಶಾಫ್ಟ್ ಟ್ರಾನ್ಸ್‌ಫರ್ ಕೇಸಿನ ಬೇರಿಂಗನ್ನೇ ಗುದ್ದುತ್ತದೆ. ಶಾಫ್ಟ್ ಉದ್ದವಾಗತೊಡಗಿದ್ದು ಕಂಡೊಡನೆ ನಿಲ್ಲಿಸಿ.

ಇನ್ನು ಎಂಜಿನ್. ಏರ್ ಫಿಲ್ಟರ್ ಪೆಟ್ಟಿಗೆ ತೆರೆದು, ಫಿಲ್ಟರ್ ದಾಟಿದ ಬದಿಯ ಕೊಳವೆಯೊಳಗೆ ಬಿಳಿ ಬಟ್ಟೆ ಆಡಿಸಿ. ಧೂಳು ಅಂಟಿದರೆ ಸೋರುತ್ತಿರುವ ಜೋಡಣೆ ಸಿಗುವವರೆಗೆ ಗಾಡಿ ತೆಗೆಯಬೇಡಿ. ಆ ಮಣ್ಣು ಪಿಸ್ಟನ್ ರಿಂಗನ್ನು ಸಾಣೆ ಹಿಡಿದಂತೆ ತೇಯುತ್ತದೆ. ಸ್ನಾರ್ಕೆಲ್ (ಎಂಜಿನ್ನಿಗೆ ಎತ್ತರದಿಂದ ಗಾಳಿ ತರುವ ಕೊಳವೆ) ಇದ್ದರೆ ಅದರ ಪ್ರತಿ ಸೇರಿಕೆಯೂ ಗಾಳಿ ಬಿಡದಂತಿರಬೇಕು, ಒಂದು ಸಡಿಲ ಕ್ಲಿಪ್ ಇದ್ದರೂ ನೀರಿನಲ್ಲಿ ಅದು ಇದ್ದೂ ಇಲ್ಲದಂತೆ. ಕಾಗದದ ಫಿಲ್ಟರನ್ನು ಊದುವುದಾದರೆ ಕಡಿಮೆ ಒತ್ತಡದಲ್ಲಿ, ಒಳಗಿನಿಂದ ಹೊರಕ್ಕೆ. ಒದ್ದೆಯಾದದ್ದನ್ನು ಒಣಗಿಸಿ ಬಳಸಬೇಡಿ, ಬಿಸಾಡಿ.

ಎಂಜಿನ್ ಆಯಿಲನ್ನು ಕೈಪಿಡಿಯ ಅಂತರದ ಅರ್ಧಕ್ಕೆ ಅಥವಾ 250 ಗಂಟೆಗೆ, ಯಾವುದು ಮೊದಲೋ ಆಗ ಬದಲಿಸಿ. ಡಿ.ಪಿ.ಎಫ್. (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಗಾಡಿಗೆ ಬೂದಿ ಕಡಿಮೆ ಬಿಡುವ ಆಯಿಲೇ ಆಗಬೇಕು, ಎಸಿಇಎ ಸಿ3 ದರ್ಜೆಯಂಥದು. ಇಂಥ ಗಾಡಿಯಲ್ಲಿ ತೆವಳುವ ಓಟವೇ ಹೆಚ್ಚಾದರೆ ಫಿಲ್ಟರಿನ ಮಸಿ ಸುಡುವುದು ಅರ್ಧಕ್ಕೆ ನಿಲ್ಲುತ್ತದೆ, ಅದಕ್ಕೆಂದು ಚಿಮ್ಮಿಸಿದ ಡೀಸೆಲ್ ಆಯಿಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರುತ್ತಿದ್ದರೆ ಖುಷಿಪಡಬೇಡಿ, ಬದಲಿಸಿ. ಡೀಸೆಲ್ ಫಿಲ್ಟರಿನ ಅಡಿಯ ತಿರುಪು ಸಡಿಲಿಸಿ ನೀರನ್ನು, ಶುದ್ಧ ಡೀಸೆಲ್ ಬರುವವರೆಗೆ, ತಿಂಗಳಿಗೊಮ್ಮೆ ಇಳಿಸಿ. ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಡೀಸೆಲ್ ಹೋಗುವ ಕಾಮನ್ ರೈಲ್ ಎಂಜಿನ್ನಿನಲ್ಲಿ ಗಾಳಿ ತೆಗೆಯಲೆಂದು ಇಂಜೆಕ್ಟರ್ ಪೈಪ್ ಸಡಿಲಿಸುವ ಹಳೆಯ ಪದ್ಧತಿ ಬೇಡವೇ ಬೇಡ. ಅಲ್ಲಿಯ ಒತ್ತಡ 1,000 ಬಾರ್ ಮೀರಬಹುದು, ಚಿಮ್ಮಿದ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ.

ರೇಡಿಯೇಟರಿನ ರೆಕ್ಕೆಗಳಲ್ಲಿ ಒಣಗಿದ ಕೆಸರನ್ನು ಎಂಜಿನ್ ಬದಿಯಿಂದ ಮುಂದಕ್ಕೆ, ಸಾದಾ ನಲ್ಲಿ ಕೊಳವೆಯಿಂದ ತೊಳೆಯಿರಿ. ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ರೆಕ್ಕೆಗಳು ಮಡಚುತ್ತವೆ. ಎ.ಸಿ. ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿಯೇ ಕೆಸರಿನ ಗೂಡು. ಕೂಲಂಟ್‌ ಮತ್ತು ಡಿಸ್ಟಿಲ್ಡ್ ವಾಟರ್ ಸಮ ಪಾಲು. ಬಣ್ಣ ಒಂದೇ ಎಂದು ಬೇರೆ ಬೇರೆ ಜಾತಿಯದನ್ನು ಬೆರೆಸಬೇಡಿ, ಬಣ್ಣಕ್ಕೆ ಯಾವ ಕಟ್ಟುಪಾಡೂ ಇಲ್ಲ.

ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯದರ ಕನಿಷ್ಠ ಕುದಿಬಿಂದು ಹೊಸದಿದ್ದಾಗ 230 ಡಿಗ್ರಿ, ಶೇ 3.7ರಷ್ಟು ನೀರು ಸೇರಿದಾಗ 155 ಡಿಗ್ರಿ. ಉದ್ದದ ಇಳಿಜಾರಿನಲ್ಲಿ ಅದು ಕುದಿದು ಆವಿಯಾದರೆ ಪೆಡಲ್ ತಳಕ್ಕೆ ಹೋಗುತ್ತದೆ. ಡಾಟ್ 5 ಸಿಲಿಕೋನ್ ಜಾತಿಯದು, ಡಾಟ್ 3, 4, 5.1ರ ಜೊತೆ ಬೆರೆಯದು. ಹೈಡ್ರಾಲಿಕ್ ಕ್ಲಚ್ಚಿಗೂ ಹೆಚ್ಚಿನ ಗಾಡಿಗಳಲ್ಲಿ ಇದೇ ಆಯಿಲ್, ಒಟ್ಟಿಗೇ ಬದಲಿಸಿ. ಡ್ರಮ್ ಬ್ರೇಕ್ ಇದ್ದರೆ ಬಿಚ್ಚಿ ಒಳಗಿನ ಮರಳು ತೊಳೆಯಿರಿ, ಡಿಸ್ಕ್ ಇದ್ದರೆ ಕ್ಯಾಲಿಪರಿನ ಜಾರುವ ಪಿನ್ನುಗಳು ಕೈಯಲ್ಲಿ ಸರಾಗವಾಗಿ ಜಾರುತ್ತವೆಯೇ ನೋಡಿ.

ನಿಮ್ಮ ಬಳಕೆಗೆ ಆಕ್ಸಲ್ ಮತ್ತು ಟ್ರಾನ್ಸ್‌ಫರ್ ಕೇಸ್ ಆಯಿಲಿಗೆ 15,000–20,000 ಕಿ.ಮೀ. ಅಥವಾ ವರ್ಷಕ್ಕೊಮ್ಮೆ ಸರಿಹೋಗುತ್ತದೆ. ಹಬ್ ಮುಳುಗುವಷ್ಟು ನೀರು ದಾಟಿದಾಗಲೆಲ್ಲ ಮರುದಿನ ಪ್ಲಗ್ ಸಡಿಲಿಸಿ ನೋಡುವುದು ಇದ್ದೇ ಇದೆ. ದಾಟದ ತಿಂಗಳುಗಳಲ್ಲೂ ಒಮ್ಮೆ ಮಣ್ಣು ದಾರಿಯಲ್ಲಿ ಫೋರ್ ವೀಲ್ ಹಾಕಿ ಕೆಲವು ಕಿ.ಮೀ. ಓಡಿಸಿ. ಮುಂದಿನ ಡಿಫರೆನ್ಷಿಯಲ್ಲಿನ ಮೇಲಿನ ಬೇರಿಂಗುಗಳಿಗೂ ಸೀಲುಗಳಿಗೂ ಆಯಿಲ್ ಸಿಗುವುದು ಆಗಲೇ. ಒಣ ಟಾರಿನ ಮೇಲೆ ಹಾಕಬೇಡಿ, ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಶಾಫ್ಟುಗಳು ಒಂದನ್ನೊಂದು ತಿರುಚಿ ಕಚ್ಚಿಕೊಳ್ಳುತ್ತವೆ.

ಇಳಿಸಿದ ಹಳೆಯ ಆಯಿಲನ್ನು ಮುಚ್ಚಳ ಬಿಗಿಯಾದ ಕ್ಯಾನಿನಲ್ಲಿ ಹಾಕಿ, ಬಳಸಿದ ಆಯಿಲ್ ಸಂಗ್ರಹಿಸುವವರಿಗೆ ಕೊಡಿ. ಬ್ರೇಕ್ ಆಯಿಲನ್ನೂ ಕೂಲಂಟನ್ನೂ ಅದರೊಂದಿಗೆ ಬೆರೆಸಬೇಡಿ, ಬೆರೆತರೆ ಅವರೂ ತೆಗೆದುಕೊಳ್ಳುವುದಿಲ್ಲ. ಕೂಲಂಟನ್ನು ಬಟ್ಟಲಿನಲ್ಲಿ ತೆರೆದಿಡಬೇಡಿ. ಅದು ಸಿಹಿ, ನಾಯಿ ಬೆಕ್ಕುಗಳು ನೆಕ್ಕಿ ಸಾಯುತ್ತವೆ.